ಕೆಂಪು ಬಟ್ಟೆಯ ಗೂಟ

ಜವಳಗೇರಾ, ೧೯೫೨

ನನ್ನೇಸಾಬ, ನೀನು ಎಲ್ಲಿದ್ದೀಯೋ ಗೊತ್ತಿಲ್ಲ. ಗೊತ್ತಿದ್ದರೂ ಇದನ್ನು ಕಳಿಸುವ ಧೈರ್ಯ ನನಗಿಲ್ಲ.

ಹೋದ ವಾರ ಕಾಲುವೆ ಅಳೆಯುವವರು ನಮ್ಮಪ್ಪನ ಸಮಾಧಿಯ ಮೇಲೆ ಕೆಂಪು ಬಟ್ಟೆ ಕಟ್ಟಿದ ಗೂಟ ಹೊಡೆದು ಹೋದರು. ಗೂಟ ಇದ್ದಲ್ಲೇ ಕಾಲುವೆ ಅಗೆಯುತ್ತಾರಂತೆ. ಅವರು ಮರೆಯಾದ ಮೇಲೆ ಅದನ್ನು ಕಿತ್ತು ಬದುವಿನಾಚೆ ನಿನ್ನ ಹೊಲದಲ್ಲಿ ನೆಟ್ಟೆ. ನಾಲ್ಕು ವರ್ಷದ ಹಿಂದೆ, ಪೊಲೀಸ್ ಆಕ್ಷನ್ ಗಲಭೆಯಲ್ಲಿ ಜೀವ ಉಳಿಸಿಕೊಳ್ಳಲು ಊರು ಬಿಡುವಾಗ ನೀನು ನನ್ನ ಕೈಗೊಪ್ಪಿಸಿದ ಹೊಲ.

ಇವತ್ತು ಮುಂಜಾನೆ ನಿನ್ನ ಹೆಂಡತಿ ರಾಜಾಬೀ ಆ ಗೂಟಕ್ಕೆ ಎಮ್ಮೆಕರು ಕಟ್ಟಿದ್ದಳು. ಬಟ್ಟೆ ಬಿಚ್ಚಿ ಮಗಳ ಜಡೆಗೆ ಕಟ್ಟಿದ್ದಳು.

"ಈ ಗೂಟ ನೀವ ಬಡದೀರೇನ್ರೀ ಅಣ್ಣಾ? ಭಾಳ ಚಲೋ ಆತು," ಎಂದಳು.

ಹೂಂ ಎಂದುಬಿಟ್ಟೆ.

ಕರು ಹಗ್ಗ ಜಗ್ಗಿದಾಗಲೆಲ್ಲ ಬರೆಯುವುದನ್ನು ಬಿಟ್ಟು ಆ ಗೂಟದ ಕಡೆ ನೋಡುತ್ತೇನೆ. ನಾಳೆ ಕಾಲುವೆಯವರು ಅಗೆಯಲು ಬರುತ್ತಾರೆ. ಬಟ್ಟೆಯಿಲ್ಲದ ಗೂಟ ಕಂಡು, ಇದನ್ನು ನೆಟ್ಟವರು ಯಾರೆಂದು ಕೇಳುತ್ತಾರೆ. ರಾಜಾಬೀ ಸಂತೋಷದಿಂದಲೇ ನನ್ನ ಹೆಸರು ಹೇಳುತ್ತಾಳೆ.