ಕುಂಭ ಹೊತ್ತವಳು ಗೈರುಹಾಜರು

ಮಾನ್ಯ ಉದ್ಘಾಟಕರೇ,

ಹೈಸ್ಕೂಲಿನ ಹೆಣ್ಣುಮಕ್ಕಳು ಅಥ್ಲೆಟಿಕ್ಸ್‌ಗೆ ಏಕೆ ಬರುತ್ತಿಲ್ಲ ಎಂದು ಪತ್ತೆಹಚ್ಚಲು ತಾವು ಸಮಿತಿ ರಚಿಸಿದ್ದೀರಂತೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕುವುದು ಬೇಡ. ಕಾರಣ ತಾವೇ. ಸಮಿತಿಯವರಿಗೆ ಹೇಳಲು ಸಂಕೋಚವಾದೀತೆಂದು ನಾನು ಬರೆಯುತ್ತಿದ್ದೇನೆ.

ನನ್ನ ಮಗಳು ತನುಶ್ರೀ ಹತ್ತನೇ ತರಗತಿ. ನಾಲೆಯ ಏರಿ ಮೇಲೆ ಓಡಿ ಓಡಿ ಎಂಟುನೂರು ಮೀಟರಿಗೆ ತಯಾರಾದವಳು. "ಈ ಸಲ ಜಿಲ್ಲೆಗೆ ಹೋದ್ರೆ ಓಡ್ಲಿ, ಇಲ್ದಿದ್ರೆ ಸಾಕು ಕಣಮ್ಮಿ" ಎಂದು ಅವರಪ್ಪ ಕಡ್ಡಿ ಮುರಿದಂತೆ ಹೇಳಿದ್ದರು.

ತಾಲ್ಲೂಕು ಕ್ರೀಡಾಕೂಟದ ದಿನ ಅವಳನ್ನು ಗೇಟಿನಲ್ಲಿ ನಿಲ್ಲಿಸಿದರು. ಎತ್ತರವಿದ್ದಾಳೆ, ಲಕ್ಷಣವಾಗಿದ್ದಾಳೆ ಎಂದು ಓಟದ ಚಡ್ಡಿಯ ಮೇಲೆ ಸೀರೆ ಸುತ್ತಿ ತಲೆಗೆ ಪೂರ್ಣಕುಂಭ ಹೊರಿಸಿದರು. ತಮ್ಮನ್ನು ಸ್ವಾಗತಿಸದೆ ಮಕ್ಕಳ ಕಾಲು ಓಡೀತೇ? ತಾವೋ ಕೆ.ಆರ್.ಎಸ್. ಬಳಿಯ ಹೋಟೆಲಿನಲ್ಲಿ ಮೀನಿನ ಮುಳ್ಳು ಬಿಡಿಸುತ್ತಿದ್ದಿರಿ. ಹೊತ್ತು ಮೀರಿತೆಂದು ಓಟಗಳನ್ನು ಶುರುಮಾಡಿ, ಎಂಟುನೂರು ಮೀಟರಿಗೆ ಮೈಕಿನಲ್ಲಿ ಅವಳ ಹೆಸರು ಕೂಗಿದರು.

"ಸಾ, ನನ್ ಓಟ ಕರೀತಾವ್ರೆ. ಇಳಿಸ್ಕೊಳ್ಳಿ ಸಾ."

"ಸುಮ್ನಿರವ್ವ, ಕುಂಭ ಕೆಳಗಿಟ್ರೆ ಅಪಶಕುನ. ಸಾಹೇಬ್ರ ಕಾರು ಪಾಂಡವಪುರ ಬುಟ್ಟದಂತೆ" ಎಂದರು ಪಿ.ಟಿ. ಮೇಷ್ಟ್ರು. ಪಾಪ, ಅವರ ಕೈಯಲ್ಲೂ ತಮ್ಮ ಹಾರವಿತ್ತು.

ಬೇಲಿಯಾಚೆಯಿಂದ ನಾನು ಕೂಗಿಕೊಂಡೆ. ಯಾರು ಕೇಳುತ್ತಾರೆ? ಮೈಕಿನವರು 'ಗೈರುಹಾಜರು' ಎಂದರು, ಸೀಟಿ ಊದಿದರು. ತಲೆ ಮೇಲೆ ಕುಂಭವಿದ್ದುದರಿಂದ ಅವಳು ಕತ್ತು ತಿರುಗಿಸುವಂತಿರಲಿಲ್ಲ. ತನ್ನ ಓಟವನ್ನು ಕಿವಿಯಲ್ಲಿ ಕೇಳಿಸಿಕೊಂಡಳು.

ಆಮೇಲೆ ತಾವು ಚಿತ್ತೈಸಿದಿರಿ. ಕುಂಭದ ತೆಂಗಿನಕಾಯಿಗೆ ಕೈಮುಗಿದಿರಿ, ಕೆಳಗಿದ್ದ ಮುಖ ನೋಡಲಿಲ್ಲ. ವೇದಿಕೆಯ ಮೆಟ್ಟಿಲು ಹತ್ತಲು ಇಬ್ಬರ ಹೆಗಲು ಬೇಕಾಯಿತು, ಹತ್ತಿದ ಮೇಲೆ ದೇಹದಾರ್ಢ್ಯದ ಮಹತ್ವ ತಿಳಿಸಿದಿರಿ. "ಹೆಣ್ಣುಮಕ್ಕಳು ಮೈದಾನಕ್ಕೆ ಬರಬೇಕಾದರೆ ಪೋಷಕರ ಮನೋಭಾವ ಬದಲಾಗಬೇಕು" ಎಂದೂ ಅಪ್ಪಣೆ ಕೊಡಿಸಿದಿರಿ. ನಾಚಿಕೆ ಎಂಬುದನ್ನು ತಮ್ಮ ಇಲಾಖೆ ಯಾವಾಗ ರದ್ದು ಮಾಡಿತು ಸ್ವಾಮಿ?

ಮೊನ್ನೆ ಒಬ್ಬರು ನಮ್ಮ ಮನೆಗೆ ಬಂದಿದ್ದರು. ಗೇಟಿನಲ್ಲಿ ಸೀರೆಯುಟ್ಟು ನಿಂತವಳನ್ನು ಕಂಡಿದ್ದರಂತೆ, ಗಂಡು ಇದೆ ಎಂದರು. ತನುಶ್ರೀ ಅಪ್ಪ ಇಲ್ಲವೆನ್ನಲಿಲ್ಲ. ಮಗಳು ಬೂಟನ್ನು ಅಟ್ಟಕ್ಕೆ ಎಸೆದು, "ಬುಡವ್ವ, ಸೀರೆನೇ ಒಪ್ತದಂತೆ ನಂಗೆ" ಎಂದಳು.

ಸಮಿತಿಯವರನ್ನು ಅವರವರ ಮನೆಗೆ ಕಳಿಸಿ. ಜಿಲ್ಲಾ ಕೂಟಕ್ಕೆ ಮುಂಚೆ ಅವಳ ಓಟವನ್ನು ಮತ್ತೆ ನಡೆಸಿ. ಅಂದು ಗೇಟಿನಲ್ಲಿ ಬಿಸಿಲಿಗೆ ತಾವೇ ಕುಂಭ ಹೊತ್ತು ನಿಲ್ಲಿ. ಅವಳು ಗೆರೆ ದಾಟುವ ತನಕ ಇಳಿಸಬೇಡಿ, ಅಪಶಕುನ.

ಇಂತಿ,
ಮನೋಭಾವ ಬದಲಿಸಿಕೊಳ್ಳಬೇಕಾದ ಪೋಷಕಿ,
ಚೈತ್ರ
ಹೇಮಗಿರಿ ಕಡೆಯವಳು