ಸೀಟಿನ ಮೇಲಿನ ಗೆರೆ

೧೫ ನವೆಂಬರ್ ೨೦೨೫, ಶನಿವಾರ

ಮಣಿಕಟ್ಟು ಎರಡೂ ಸೋತುಹೋಗಿವೆ. ಈ ಐವತ್ತೆರಡರ ವಯಸ್ಸಿನಲ್ಲಿ, ನೆಟ್ಟಗೆ ಕೂತು ಓಡಿಸುವ ಟ್ರಯಂಫ್ ಬೈಕ್ ಬಿಟ್ಟು, ಅದೇ ಕಂಪನಿಯ, ಹ್ಯಾಂಡಲ್ ತಗ್ಗಿಸಿದ ರೇಸಿನ ಥ್ರಕ್ಸ್ಟನ್ನೇ ಬೇಕೆಂದು ಯಾಕೆ ಹಟ ಹಿಡಿದೆನೋ. ಹಿಂದೆ ಕೂರುವ ಜಾಗದಲ್ಲಿ ಸೀಟಿಲ್ಲ, ಬರೀ ಒಂದು ಪ್ಲಾಸ್ಟಿಕ್ ಗೂನು.

ಅದನ್ನು ತೆಗೆಸಿ ಹೆಂಡತಿಗೂ ಸೀಟು ಹಾಕಿಸೋಣವೆಂದು ಶಿರಾದಲ್ಲಿ ಸೀಟು ಹೊಲಿಯುವ ಹಬೀಬ್ ಸಾಬರ ಅಂಗಡಿಗೆ ಹೋದೆ. "ಕೂರೋರ್ನ ಕರ್ಸಿ ಮೇಷ್ಟ್ರೇ. ಅಳತೆ ಇಲ್ದೆ ನಾನು ಕತ್ರಿ ಹಿಡಿಯಲ್ಲ" ಅಂದರು. ಫೋನ್ ಮಾಡಿದೆ. ನಮ್ಮೂರು ಬಡವನಹಳ್ಳಿಯಿಂದ ತನ್ನ ಸ್ಕೂಟರಿನಲ್ಲಿ ಬಂದಳು.

ಸಾಬರು ಗೂನು ಬಿಚ್ಚಿ ಸ್ಪಂಜಿನ ತುಂಡು ಇಟ್ಟರು. ನಾನು ಬಗ್ಗಿ ಕೂತೆ. ಅವಳು ಹತ್ತಿದಳು, ಹಿಡಿಯಲು ಬೇರೇನೂ ಇಲ್ಲದೆ ನನ್ನ ಬೆನ್ನ ಮೇಲೆ ಕೈಯಿಟ್ಟಳು. ಆ ಕೈ ತಾಗಿ ಎಷ್ಟು ವರ್ಷವಾಗಿತ್ತೋ. ನಾನು ಮುಗಿದು ಅವಳು ಶುರುವಾಗುವ ಕಡೆ ಸಾಬರು ಸೀಮೆಸುಣ್ಣದ ಗೆರೆ ಎಳೆದರು.

ಅವಳು ಇಳಿದು ಸೆರಗು ಕೊಡವಿಕೊಂಡಳು. "ಬ್ಯಾಡ ಬುಡಿ ಸಾಬ್ರೇ, ಮೊದ್ಲು ಹೆಂಗಿತ್ತೋ ಅಂಗೇ ಇರ್ಲಿ. ಒಬ್ರೇ ಓಡಾಡಕ್ಕೆ ಅಂತ್ಲೇ ತಗಂಡವ್ರೆ, ನಂಗೊತ್ತಿಲ್ವಾ?"

ಹಾಗಲ್ಲ ಅನ್ನಬೇಕಿತ್ತು. ಗೂನು ಮತ್ತೆ ಹಾಕಿಸಿಕೊಂಡು ಮನೆವರೆಗೂ ಅವಳ ಸ್ಕೂಟರಿನ ಹಿಂದೆಯೇ ಬಂದೆ.

ಸೀಟಿನಂಚಿನಲ್ಲಿ ಆ ಗೆರೆ ಇನ್ನೂ ಇದೆ. ಒರೆಸಬೇಕು. ಕೈ ನೋಯುತ್ತಿದೆ.