ಬಟ್ಟೆ ಹಗ್ಗದ ಲೆಕ್ಕ

ಮಾರ್ಚ್ 3, ಸೋಮವಾರ

ಪ್ರಾರ್ಥನೆ, ಅಡುಗೆ, ಡಬ್ಬಿ. ಮೊದಲ ಬೆಲ್ಲಿಗೆ ಮುಂಚೆಯೇ ಕ್ಲಾಸಿನಲ್ಲಿದ್ದೆ. ಇವತ್ತೂ ಅದೇ ಕಥೆ. 403ರಲ್ಲಿ 158 ಕಳೆಯಬೇಕು. ಮೂರರಲ್ಲಿ ಎಂಟು ಹೋಗುವುದಿಲ್ಲ, ಪಕ್ಕದ ಮನೆಯಿಂದ ಹತ್ತು ತಗೊಳ್ಳಿ ಎಂದೆ. ಇಡೀ ಮೂರನೇ ಕ್ಲಾಸು ಬೋರ್ಡನ್ನೇ ನೋಡುತ್ತಾ ಕೂತಿತು. ದೊಗಳೆ ಎದ್ದು ನಿಂತಳು. ಅಕ್ಕನ ಯೂನಿಫಾರ್ಮಿನಲ್ಲಿ ಬರುತ್ತಾಳೆ, ತೋಳು ಬೆರಳನ್ನೂ ಮುಚ್ಚುತ್ತದೆ. ಮಕ್ಕಳಿಟ್ಟ ಹೆಸರು, ನನ್ನ ಬಾಯಿಗೂ ಬಂದುಬಿಟ್ಟಿದೆ.

“ಟೀಚರ್, ಪಕ್ಕದ ಮನೇಲಿ ಸೊನ್ನೆ ಇದೆ. ಅವ್ರ ಹತ್ರಾನೇ ಇಲ್ಲ, ನಮಗೆಲ್ಲಿಂದ ಕೊಡ್ತಾರೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮಗು ಕೇಳಿದ್ದು ಸರಿಯಾಗೇ ಇದೆ. ಅದರಾಚೆ ಮನೆಗೆ ಹೋಗು ಎಂದರೆ ದಾರಿಯಲ್ಲೇ ಕಳೆದುಹೋಗುತ್ತಾಳೆ.

ಈ ಸಲ ಲೆಕ್ಕದಲ್ಲಿ ಫೇಲಾದವರನ್ನು ಎರಡನೇ ಕ್ಲಾಸಿಗೆ ವಾಪಸು ಕಳಿಸುತ್ತಾರಂತೆ. ಹೆಡ್ ಮೇಡಂ ಹುಕುಂ. ಹೆಡ್ ಮೇಡಂ ಎಂದರೆ ನನ್ನ ನಾದಿನಿಯೇ. ಗೇಟಿನೊಳಗೆ ನಾನು ‘ಟೀಚರ್’, ಹೊರಗೆ ‘ಅತ್ತಿಗೆ’. “ಆ ದೊಗಳೆ ಹುಡುಗಿ ಗ್ಯಾರಂಟಿ ಕೆಳಗೆ” ಎಂದಳು, ಬೆಳಿಗ್ಗೆ.

ನೋಡೋಣ.

ಮಾರ್ಚ್ 4

ಮನೆಯಿಂದ ಬಟ್ಟೆ ಹಗ್ಗ ಬಿಚ್ಚಿಕೊಂಡು ಹೋದೆ. ಯಜಮಾನರ ಬನಿಯನ್ನು ಕುರ್ಚಿ ಮೇಲೆ ಒಣಗಲಿ. ಕಿಟಕಿ ಸರಳಿನಿಂದ ಬಾಗಿಲ ಚಿಲಕದವರೆಗೆ ಕಟ್ಟಿದೆ. ಸಂಖ್ಯೆ ಬರೆದ ಚೀಟಿ, ಕ್ಲಿಪ್ಪು. “ಕಳೆಯೋದು ಅಂದ್ರೆ ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಅಂತ. ಅಷ್ಟೇ.”

ದೊಗಳೆ 158ರ ಕೆಳಗೆ ನಿಂತಳು. 160ಕ್ಕೆ, 200ಕ್ಕೆ, 400ಕ್ಕೆ, 403ಕ್ಕೆ ಹಾರಿದಳು. ಹಾರಿದ್ದೆಲ್ಲ ಕೂಡಿ 247 ಎಂದಳು. ಎರಡು ಹೆಚ್ಚು! ಯಾಕಪ್ಪಾ ಎಂದು ಮತ್ತೆ ಹಾರಿಸಿದೆ. ಸಿಕ್ಕಿಬಿದ್ದಳು ಕಳ್ಳಿ. ನೂರ ಐವತ್ತೆಂಟು, ಐವತ್ತೊಂಬತ್ತು, ಅರವತ್ತು ಎಂದು ಮೂರು ಬೆರಳು ಮಡಚುತ್ತಾಳೆ. ಕೊನೆಯಲ್ಲೂ ನಾನೂರಕ್ಕೊಂದು ಬೆರಳು.

“ನಿಂತ ಜಾಗಕ್ಕೆ ಬೆರಳು ಮಡಚ್ಬೇಡ. ಕಾಲು ಎತ್ತಿ ಇಟ್ಟ ಮೇಲೆ ಮಡಚು.”

ಎರಡು, ನಲವತ್ತು, ಇನ್ನೂರು, ಮೂರು. 245! ಬೆಂಚಿನ ಮೇಲೆ ಹತ್ತಿ ಕುಣಿದಳು. ಇಳಿಸುವಷ್ಟರಲ್ಲಿ ಸಾಕಾಯಿತು.

ಮಾರ್ಚ್ 6

ಹೆಡ್ ಮೇಡಂ ಬಾಗಿಲು ತೆಗೆದರು, ಹಗ್ಗವೂ ಜೊತೆಗೆ ಬಂತು.

“ಟೀಚರ್, ಇದು ಕ್ಲಾಸಾ, ಹಿತ್ತಲಾ?”

“ಹಿತ್ತಲಾದ್ರೂ ಲೆಕ್ಕ ಬರ್ತಿದೆ ಮೇಡಂ.”

“ಇದು ನಿಮ್ಮ ಹಳ್ಳಿ ಶಾಲೆ ಅಲ್ಲ.”

“ಅಲ್ಲ ಬಿಡಿ. ಅಲ್ಲಿ ಗೋಡೇನೇ ಇರ್ಲಿಲ್ಲ. ನೆಲದ ಮೇಲೆ ಗೆರೆ ಎಷ್ಟು ಉದ್ದ ಬೇಕೋ ಅಷ್ಟು.”

ಪುಸ್ತಕದ ಕ್ರಮದಲ್ಲೇ ಕಲಿಸಬೇಕಂತೆ. ಸಂಜೆ ಶಾಲೆಯ ಆಯಾ ಹಗ್ಗ ಬಿಚ್ಚಿ ಸುತ್ತಿ ತಂದು ಮೇಜಿನ ಮೇಲಿಟ್ಟಳು. “ನನ್ನ ಮೇಲೆ ಸಿಟ್ಟಾಗ್ಬೇಡಿ ಅಕ್ಕಾ.” ನಿನ್ನ ಮೇಲೆ ಯಾಕಮ್ಮಾ…

ಮಾರ್ಚ್ 17

ಇಷ್ಟು ದಿನ ಬರೆಯಲಿಲ್ಲ. ಗಂಟಲು ನೋವು ಎಂದುಕೊಂಡಿದ್ದೆ. ಸುಳ್ಳು. ಸಿಟ್ಟು. ಪೆನ್ನು ಹಿಡಿದರೆ ನಾದಿನಿಗೆ ಬೈಗುಳ ಬರುತ್ತಿತ್ತು, ಆಮೇಲೆ ದೇವರ ಮುಂದೆ ಕೂರಲು ಮುಖ ಬೇಡವೇ?

ಹಗ್ಗ ಹೋದ ಮೇಲೆ ವೆರಾಂಡದ ನೆಲಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಸಂಜೆ ಆಯಾ ಒರೆಸುತ್ತಾಳೆ, ಬೆಳಿಗ್ಗೆ ನಾನು ಎಳೆಯುತ್ತೇನೆ. ಈಗ ನನ್ನ ಕ್ಲಾಸಿಗೆ ಸೀಮೆಸುಣ್ಣ ಕೊಡಬಾರದು ಎಂದು ಹುಕುಂ ಆಗಿದೆಯಂತೆ. ಆಗಲಿ. ಗೆರೆ ಇಲ್ಲದೆಯೇ ನಡೆಸಿದೆ.

“ಟೀಚರ್, ಗೆರೆ ಎಲ್ಲಿ?”

“ಇದೆ ಅಂದ್ಕೋ. ಸುಣ್ಣ ಖಾಲಿ.”

ದೊಗಳೆ ಅಂದುಕೊಂಡಳು. ನಡೆದಳು. ಸರಿಯಾದ ಉತ್ತರ ತಂದಳು.

ದೇವರೇ, ನಾದಿನಿಗೆ ಒಳ್ಳೆ ಬುದ್ಧಿ ಕೊಡು. ಕೊಡುವುದಾದರೆ ಶುಕ್ರವಾರದ ಪರೀಕ್ಷೆಯೊಳಗೆ ಕೊಡು.

ಮಾರ್ಚ್ 21, ಶುಕ್ರವಾರ

ಕೊಡಲಿಲ್ಲ.

ಪೇಪರು ನಾದಿನಿಯೇ ತಿದ್ದಿದಳು. ದೊಗಳೆಯ ಒಂದೊಂದು ಲೆಕ್ಕದ ಕೆಳಗೂ ಪುಟ್ಟ ಗೆರೆ, ಗೆರೆಯ ಮೇಲೆ ಹಾರಿದ ಗುರುತು. ಉತ್ತರ ಎಲ್ಲಾ ಸರಿ. ಎಲ್ಲದಕ್ಕೂ ಕೆಂಪು ಇಂಟು. ‘ಕ್ರಮ ತಪ್ಪು.’ ಹುಡುಗಿ ಎರಡನೇ ಕ್ಲಾಸಿಗೆ. ಕ್ಲಾಸ್ ಟೀಚರ್ ಎಂದು ನಾನು ಸಹಿ ಹಾಕಬೇಕು.

“ಹಾಕಲ್ಲ ಮೇಡಂ. ಒಂದು ಉತ್ತರ ತಪ್ಪು ತೋರಿಸಿ, ಈಗಲೇ ಹಾಕ್ತೀನಿ.”

“ಮುಂದೆ ಐದಂಕಿ ಲೆಕ್ಕ ಬಂದಾಗ ಎಷ್ಟು ದೂರ ನಡೀತಾಳೆ?”

“ಕಾಲು ಅವಳದು. ನಿಮಗ್ಯಾಕೆ ನೋವು?”

ಹೇಳಿ ಹೊರಗೆ ಬಂದೆ.

ಮಾರ್ಚ್ 23, ಭಾನುವಾರ

ಸಂಜೆ ಬಾಗಿಲಲ್ಲಿ ನಾದಿನಿ.

“ಒಂದು ಲೋಟ ನೀರೂ ಇಲ್ವಾ ಅತ್ತಿಗೆ?”

“ನಾದಿನಿಗಾದ್ರೆ ನೀರು, ಊಟ, ಹಾಸಿಗೆ ಎಲ್ಲಾ ಇದೆ. ಹೆಡ್ ಮೇಡಂ ಬಂದಿದ್ರೆ ನಾಳೆ ಶಾಲೇಲಿ ಸಿಗ್ತೀನಿ.”

ಯಜಮಾನರಿಗೆ ತಂಗಿಯೂ ಬೇಕು, ಹೆಂಡತಿಯೂ ಬೇಕು. ಓದುತ್ತಿದ್ದ ನ್ಯೂಸ್ ಪೇಪರ್ ಮಡಚಿ ಮಹಡಿ ಹತ್ತಿದರು.

ನೀರು ಕುಡಿದಳು. “ಒಂದು ಹುಡುಗಿಗೋಸ್ಕರ ಇಷ್ಟು ಹಟವಾ?”

“ಅವಳನ್ನ ಕೆಳಗೆ ಕಳಿಸಿದ್ರೆ ನಾನೂ ಹೋಗಿ ಎರಡನೇ ಕ್ಲಾಸಲ್ಲಿ ಕೂರ್ತೀನಿ. ಬೆಂಚು ಚಿಕ್ಕದಾದ್ರೆ ನೆಲದ ಮೇಲೆ. ಸ್ಲೇಟು ನಾನೇ ತರ್ತೀನಿ.”

ನಗು ಬಂತು ಅವಳಿಗೆ, ನುಂಗಿಕೊಂಡಳು. ನಾನು ಕೂತೇ ಬಿಡುತ್ತೇನೆ ಎಂದು ಗೊತ್ತು.

“ಸರಿ. ನಾಳೆ ಅವಳನ್ನ ನನ್ನ ರೂಮಿಗೆ ಕಳಿಸಿ. ಲೆಕ್ಕ ನಂದು. ಹೇಗಾದ್ರೂ ಮಾಡ್ಲಿ. ನೀವು ಒಳಗೆ ಬರ್ಕೂಡದು, ಕೆಮ್ಮಕೂಡದು. ಸರಿ ಬಂದ್ರೆ ಪಾಸು. ತಪ್ಪಿದ್ರೆ ಬಾಯ್ಮುಚ್ಚಿ ಸಹಿ.”

ಒಪ್ಪಿದೆ.

ಮಾರ್ಚ್ 24, ಮೊದಲ ಪಿರಿಯಡ್

ಹೆಡ್ ಮೇಡಂ ರೂಮಿನ ಹೊರಗೆ, ಬೆಂಚಿನ ಮೇಲೆ. ಬಾಗಿಲು ಅರ್ಧ ತೆರೆದಿದೆ. ಬಾಯಲ್ಲಿ ದೇವರ ಹೆಸರು, ಕೈಯಲ್ಲಿ ಪೆನ್ನು. ಸುಮ್ಮನಿದ್ದರೆ ಕೆಮ್ಮು ಬರುತ್ತದೆ.

“ಸಾವಿರದ ಎರಡರಲ್ಲಿ ನಾನೂರ ಅರವತ್ತೇಳು ಕಳಿ.”

ನಡುವೆ ಎರಡೆರಡು ಸೊನ್ನೆ! ಹುಡುಕಿ ಹುಡುಕಿ ಕೊಟ್ಟಿದ್ದಾಳೆ, ಮಹಾತಾಯಿ.

ಗೋಡೆಯಿಂದ ಹೆಜ್ಜೆ ಅಳೆಯುವ ಸದ್ದು. ಮೇಜಿನ ಬಳಿ ನಿಂತಿತು… ದೇವರೇ.

“ಮೇಡಂ, ಇಲ್ಲಿ ಸಾವಿರದ ಗೆರೆ ಹಿಡಿಸಲ್ಲ.”

ಎದ್ದುಬಿಟ್ಟೆ. ಕೊಟ್ಟ ಮಾತು ನೆನಪಾಗಿ ಮತ್ತೆ ಕೂತೆ.

ಕುರ್ಚಿ ಸರಿದ ಸದ್ದು. ಆಮೇಲೆ ದೊಡ್ಡ ಸದ್ದು — ಮೇಜು. ಆ ಮೇಜು ಎಳೆಯಲು ಇಬ್ಬರು ಬೇಕು. ನಾದಿನಿ ಒಬ್ಬಳೇ ಎಳೆಯುತ್ತಿದ್ದಾಳೆ, ಏದುಸಿರು ಕೇಳುತ್ತಿದೆ.

“ಇಷ್ಟು ಸಾಕಾ?”

“ಇನ್ನೂ ಸ್ವಲ್ಪ ಮೇಡಂ.”

ಮತ್ತೆ ಮೇಜು. ಈಗ ಪುಟ್ಟ ಹೆಜ್ಜೆ. ಮೂರು, ನಾನೂರ ಎಪ್ಪತ್ತು. ಮೂವತ್ತು, ಐನೂರು. ಇನ್ನು ದೊಡ್ಡ ಹಾರು, ಹಾರು ಮಗಳೇ… ಐನೂರು, ಸಾವಿರ! ಇನ್ನೆರಡೇ ಹೆಜ್ಜೆ.